ಕೋಳಿ ಶೆಡ್ಡಿನ ಹಸಿರು ಕಾರು

ಅವನ ಬೈಕು ಗೇಟಿನ ಹೊರಗೆ ಬಂದು ನಿಂತ ಸದ್ದಿಗೇ ನನ್ನ ಮೈ ಉರಿದುಹೋಯಿತು. ಊರಿನಲ್ಲಿ ಸಾವಿರ ಬೈಕುಗಳಿವೆ. ಅದರಲ್ಲಿ ಇದೊಂದರ ಸದ್ದು ಮಾತ್ರ ನನಗೆ ಏಕೆ ಗೊತ್ತಾಗಬೇಕು? ಅದಕ್ಕೂ ಸಿಟ್ಟು ಬಂತು.

ನಾನು ಟೀಚರ್ ಮನೆಯ ಹಿಂದಿನ ಕೋಳಿ ಶೆಡ್ಡಿನಲ್ಲಿ ನಿಂತಿದ್ದೆ. ಎದುರಿಗೆ ಇಟ್ಟಿಗೆಗಳ ಮೇಲೆ ಎತ್ತಿ ನಿಲ್ಲಿಸಿದ, ಇಪ್ಪತ್ತಾರು ವರ್ಷಗಳಿಂದ ಕದಲದ ಹಸಿರು ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಉದ್ದ ಮೂತಿ, ಬಾನೆಟ್ಟಿನ ಮೇಲೊಂದು ಕೋಳಿ. ಇಂಥ ಕಾರುಗಳನ್ನು ಹುಡುಕಿ ಕೊಂಡು, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದು ಬೆಸೆಯುವುದು ನಮ್ಮ ಮನೆಯ ಕಸುಬು. ಅಪ್ಪನಿಂದ ಕಲಿತದ್ದು. ಇದರ ಸುಳಿವು ಕೊಟ್ಟವನು ಟೀಚರ್ ಹತ್ತಿರ ಮೊಟ್ಟೆ ಕೊಂಡು ಊರಲ್ಲಿ ಮಾರುವವನು. ಆ ಪುಣ್ಯಾತ್ಮ ಇವನಿಗೂ ಹೇಳಿದ್ದಾನೆಂದು ಈಗ ಗೊತ್ತಾಯಿತು.

ಇವನನ್ನು ಎಲ್ಲರೂ ಮ್ಯಾಗ್ನೆಟ್ ಎನ್ನುತ್ತಾರೆ. ಯಾವ ಕಾರು ನೋಡಲು ಹೋದರೂ ಜೇಬಿನಲ್ಲಿ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಇರುತ್ತದೆ. ತಗಡಿದ್ದಲ್ಲಿ ಅದು ಅಂಟುತ್ತದೆ, ತೂತು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಜಾರುತ್ತದೆ. ನಾಲ್ಕು ವರ್ಷ ನಮ್ಮ ಗ್ಯಾರೇಜಿನಲ್ಲಿ ಎಂಜಿನ್ ಕೆಲಸ ಮಾಡಿದವನು. ಮದುವೆಯಾಗುತ್ತೀಯಾ ಎಂದು ನನ್ನನ್ನು ಕೇಳಿದವನು. ನಾನು ಹೂಂ ಎನ್ನಬೇಕೆಂದುಕೊಂಡಿದ್ದ ವಾರವೇ, ನಾವು ಮಾರಲಿಟ್ಟ ಕೆಂಪು ಕಾರಿನ ಬಾಗಿಲ ಕೆಳಗೆ ಮ್ಯಾಗ್ನೆಟ್ ಹಿಡಿದು, ಹತ್ತು ಜನರ ಮುಂದೆ, "ಇದು ತಗಡಲ್ಲ ಸರ್, ಪುಟ್ಟಿ. ತಗೋಬೇಡಿ" ಎಂದವನು.

ಆ ಪುಟ್ಟಿ ಮೆತ್ತಿದವರು ಅಪ್ಪ, ಇವನ ಬಾಯಲ್ಲಿ ಮೇಸ್ತ್ರಿ. ಕೈ ನಡುಗಿ ಬೆಸುಗೆ ನಿಲ್ಲುತ್ತಿರಲಿಲ್ಲ, ನನಗೂ ಹೇಳಿರಲಿಲ್ಲ. ಅವತ್ತಿನಿಂದ ಅಪ್ಪ ಗ್ಯಾರೇಜಿಗೆ ಕಾಲಿಟ್ಟಿಲ್ಲ. ನಾನು ಇವನ ಜೊತೆ ಮಾತು ಬಿಟ್ಟು ಹನ್ನೊಂದು ತಿಂಗಳಾಗಿತ್ತು.

"ಇವಳು ಇಲ್ಲಿರ್ತಾಳೆ ಅಂತ ಗೊತ್ತಿರಲಿಲ್ಲ ಟೀಚರ್," ಎಂದ. ಹೇಳಿದ್ದು ಅವರಿಗೆ, ನೋಡಿದ್ದು ನನ್ನನ್ನು.

"ಗೊತ್ತಿದ್ರೆ ಬರ್ತಿರಲಿಲ್ವಾ?" ಎಂದೆ.

"ಗಡ್ಡ ಬೋಳಿಸ್ಕೊಂಡು ಬರ್ತಿದ್ದೆ."

ನಗು ಬಂತು. ನುಂಗಿಕೊಂಡೆ. ಆ ಗಡ್ಡ ಅವನಿಗೆ ಒಪ್ಪುತ್ತಿತ್ತು, ಅದು ಇನ್ನೂ ಕಿರಿಕಿರಿ.

ಟೀಚರ್ ನಿವೃತ್ತ ಹೆಡ್‌ಮಿಸ್ಟ್ರೆಸ್. ಕಾಳಿನ ಬಟ್ಟಲು ಹಿಡಿದೇ ಕೇಳಿದರು. "ಕಾರಿನ ಅಡಿ ಪೂರ್ತಿ ತುಕ್ಕು ಹಿಡಿದಿದೆ, ಗುಜರಿ ಬೆಲೆಗೆ ಕೊಡಿ ಅಂತಾಳೆ ಈ ಹುಡುಗಿ. ನೀನೇನಪ್ಪಾ ಹೇಳ್ತೀಯ?"

ನಾನು ಹೇಳಿದ್ದು ಹಸಿ ಸುಳ್ಳು. ಕೊಳ್ಳಲು ಬಂದವರು ಕಾರನ್ನು ಸ್ವಲ್ಪ ಹಳಿಯುವುದು ನಮ್ಮ ಕಸುಬಿನ ವಾಡಿಕೆ. ಸೀಟು ಹರಿದಿದೆ, ಗಾಜು ಮಸುಕಾಗಿದೆ, ಅಷ್ಟೇ. ಕಾರನ್ನು ಹೊತ್ತ ಅಡಿಯ ಚೌಕಟ್ಟು, ಚಾಸಿಯೇ ಕೊಳೆತಿದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ಗ್ಯಾರೇಜಿನಲ್ಲಿ ಇಂಥ ಒಂದು ಕಾರು ನಿಂತರೆ ಅಪ್ಪ ನೋಡಲಾದರೂ ಬಂದಾರು ಎಂಬ ಆಸೆಗೆ ಬಿದ್ದಿದ್ದೆ.

"ನೋಡಿ ಹೇಳ್ತೀನಿ," ಎಂದು ಅವನು ಕೋಳಿ ಹಿಕ್ಕೆಯ ಮೇಲೇ ಗೋಣಿ ಹಾಸಿ ಕಾರಿನ ಅಡಿಗೆ ನುಸುಳಿದ. ನಾನು ಇನ್ನೊಂದು ಬದಿಯಿಂದ ನುಸುಳಿದೆ. ಬಿಡುವುದುಂಟೇ?

ಅಂಗಾತ ಮಲಗಿದ್ದ ನಮ್ಮಿಬ್ಬರ ಮುಖಗಳ ನಡುವೆ ಒಂದು ಗೇಣು ಜಾಗ. ಅವನು ಟಾರ್ಚ್ ಹಿಡಿದು ಉದ್ದಕ್ಕೂ ನೋಡಿದ, ಬೆರಳ ಗೆಣ್ಣಿನಿಂದ ತಟ್ಟಿದ. ಗಟ್ಟಿ ಕಬ್ಬಿಣದ ಸದ್ದು. ಮತ್ತೆ ತಟ್ಟಿದ. ಆಮೇಲೆ ಟಾರ್ಚ್ ಆರಿಸಿ ನನ್ನ ಕಡೆ ತಿರುಗಿದ. ಅವನ ಹುಬ್ಬಿನ ಮೇಲೆ ಒಂದು ಪುಕ್ಕ ಕೂತಿತ್ತು.

"ಚಾಸಿ ಹೊಸದರ ಹಾಗಿದೆ," ಎಂದು ಪಿಸುಗುಟ್ಟಿದ.

"ಹೋಗು, ಕೂಗಿ ಹೇಳು. ಅದೇ ಅಲ್ವಾ ನಿನ್ನ ಕೆಲಸ? ಮೈಕ್ ತರಿಸ್ಲಾ?"

"ಇಲ್ಲ. ಈ ಸಲ ಮೊದಲು ನಿನಗೆ ಹೇಳ್ತಿದ್ದೀನಿ. ಹೊರಗೆ ಹೋಗಿ ಏನು ಹೇಳ್ಬೇಕೋ ನೀನೇ ಹೇಳು. ನಾನು ಬಾಯಿ ಬಿಡಲ್ಲ."

"ಅವತ್ತು ಯಾಕೆ ಮೊದಲು ನನಗೆ ಹೇಳಲಿಲ್ಲ?"

"ಧೈರ್ಯ ಬರಲಿಲ್ಲ. ಮೇಸ್ತ್ರಿ ಕೈಕೆಲಸ ಅಂತ ನೋಡಿದ ಕೂಡಲೇ ಗೊತ್ತಾಯ್ತು. ನಿನ್ನ ಮುಖ ಸಣ್ಣದಾಗೋದು ನೋಡೋಕಾಗಲ್ಲ ಅನ್ನಿಸ್ತು. ಕೊಳ್ಳೋಕೆ ಬಂದವರು ಕೇಳಿದಾಗ ಸುಳ್ಳು ಬಾಯಿಗೆ ಬರಲಿಲ್ಲ."

"ಅದಕ್ಕೆ ಹತ್ತು ಜನರ ಮುಂದೆ ಸಣ್ಣದು ಮಾಡಿದೆಯಾ?"

ಅವನು ಕಣ್ಣು ಮುಚ್ಚಿಕೊಂಡ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆ ಪುಕ್ಕವನ್ನು ಮೆಲ್ಲಗೆ ತೆಗೆಯಬೇಕು ಎಂದೂ ಅನ್ನಿಸಿತು. ಎರಡಕ್ಕೂ ಕೈ ಎತ್ತಲು ಅಲ್ಲಿ ಜಾಗವಿರಲಿಲ್ಲ.

"ಮೇಸ್ತ್ರಿ ಹತ್ರ ಬರ್ತೀನಿ," ಎಂದ. "ನಿಜ ಹೇಳಿದ್ದಕ್ಕೆ ಕ್ಷಮೆ ಕೇಳಲ್ಲ. ಹೇಳಿದ ರೀತಿಗೆ ಕೇಳ್ತೀನಿ."

ಅಷ್ಟು ಹೊತ್ತಿಗೆ ನನಗೆ ಅವನಿಗಿಂತ ನನ್ನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು. ಅಪ್ಪ ಕೈ ಸೋತು ಪುಟ್ಟಿ ಮೆತ್ತಿದರು. ನಾನು ಎರಡು ಕೈ ನೆಟ್ಟಗಿದ್ದೂ ಒಬ್ಬ ಮುದುಕಿಗೆ ಮೋಸ ಮಾಡಲು ಹೊರಟಿದ್ದೆ. ತೆವಳಿಕೊಂಡು ಹೊರಬಂದು ಟೀಚರ್ ಎದುರು ನಿಂತೆ.

"ಸುಳ್ಳು ಹೇಳಿದೆ ಟೀಚರ್. ಅಡಿಯಲ್ಲಿ ತುಕ್ಕೇ ಇಲ್ಲ. ನಾನು ಹೇಳಿದ ಬೆಲೆಗೆ ಯಾರಿಗೂ ಕೊಡಬೇಡಿ. ಅದರ ನಾಲ್ಕರಷ್ಟು ಬಾಳುತ್ತೆ."

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದೋಳು ನಾನು. ತಾವಾಗಿ ಬಂದು ಒಪ್ಪಿಕೊಂಡೋರು ಕಮ್ಮಿ. ಆದ್ರೂ ಕಾರು ನಿನಗೆ ಕೊಡಲ್ಲಮ್ಮ. ನನಗೂ ಸಿಟ್ಟು ಬರುತ್ತೆ."

ಬೆಲೆ ಮಾತಾಡಿ, ಕಾರನ್ನು ಅವನಿಗೇ ಕೊಟ್ಟರು. ಕಣ್ಣಲ್ಲಿ ನೀರು ಬರುವ ಮೊದಲೇ ಹೋಗಿಬಿಡೋಣವೆಂದು ನಾನು ಟ್ರೇಲರ್ ಕಟ್ಟಿದ್ದ ನನ್ನ ಗಾಡಿಯ ಕಡೆ ದಡದಡ ನಡೆದೆ. ಹಿಂದಿನಿಂದ ಅವನು ಓಡಿಬಂದ.

"ನಿನ್ನ ಟ್ರೇಲರ್ ಬೇಕಾಗಿತ್ತು."

"ಯಾಕೆ, ಬೈಕಿಗೆ ಕಟ್ಕೊಂಡು ಹೋಗು."

"ಆಮೇಲೆ ತಗಡಿನ ಕೆಲಸಕ್ಕೆ ನೀನೂ ಬೇಕು. ಗ್ಯಾರೇಜಿಗೆ ಮೇಸ್ತ್ರಿ ಬೇಕು." ಗಾಡಿಯ ಬಾಗಿಲಿಗೆ ಅಡ್ಡ ನಿಂತು, "ಕೆಲಸ ಇಲ್ಲದಿದ್ರೂ ನೀನು ಬೇಕು. ಹನ್ನೊಂದು ತಿಂಗಳಿಂದ ಒಬ್ಬರೂ ನನ್ನನ್ನ ಸರಿಯಾಗಿ ಬೈದಿಲ್ಲ," ಎಂದ.

ಟೈರುಗಳಿಗೆ ಗಾಳಿ ತುಂಬಿ, ಇಟ್ಟಿಗೆಗಳಿಂದ ಕಾರನ್ನು ಕೆಳಗಿಳಿಸಿ, ಹಿಡಿದುಕೊಂಡಿದ್ದ ಬ್ರೇಕು ಬಿಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವನು ಸ್ಟೀರಿಂಗ್ ಕಡೆ ಹೊರಟಾಗ ತೋಳು ಹಿಡಿದು ಹಿಂದಕ್ಕೆಳೆದೆ.

"ನಾನು ಕೂರ್ತೀನಿ. ನೀನು ತಳ್ಳು."

ತಳ್ಳಿದ. ಕಾರು ಕಿರ್ರೆನ್ನುತ್ತಾ ಶೆಡ್ಡಿನಿಂದ ಬಿಸಿಲಿಗೆ ಬಂತು. ಕೋಳಿಗಳು ದಿಕ್ಕಾಪಾಲಾದವು.

"ಸಿಟ್ಟು ಇಳೀತಾ?" ಎಂದು ಹಿಂದಿನಿಂದ ಏದುಸಿರಿನಲ್ಲಿ ಕೇಳಿದ.

"ಇಲ್ಲ. ನಿನ್ನ ಮೇಲೆ ಪ್ರೀತಿ ಇಲ್ಲದಿದ್ರೆ ಯಾವತ್ತೋ ಇಳೀತಿತ್ತು."

ಕಾರು ನಿಂತುಬಿಟ್ಟಿತು. ಅವನು ತಳ್ಳುವುದನ್ನೇ ಮರೆತಿದ್ದ.

"ಮತ್ತೆ... ಎಷ್ಟು ದಿನ ಇರುತ್ತೆ ಈ ಸಿಟ್ಟು?"

"ಈ ಕಾರು ಮುಗಿಯೋವರೆಗೆ."

"ಎರಡು ವರ್ಷ ಹಿಡಿಯುತ್ತೆ ಕಣೇ!"

"ಹಿಡೀಲಿ. ದಿನಾ ಬಂದು ಬೈಸ್ಕೋ," ಎಂದೆ. "ಈಗ ತಳ್ಳು."