ಆಯುಧಪೂಜೆಯ ದಿನದ ಫಿಲ್ಮು

ರಾಜಾಜಿನಗರದ ಅಂಚಿನಲ್ಲಿ ನಮ್ಮ ಪ್ರಯೋಗಾಲಯವಿದ್ದ ಕಾಲದ ಮಾತು, ಐವತ್ತಾರನೆಯ ಇಸವಿ. ಅಣುವಿನ ಕಣಗಳನ್ನು ಮಿಂಚಿನ ವೇಗದಲ್ಲಿ ಓಡಿಸಿ, ಆ ಕಿರಣದಿಂದ ಮೈಯೊಳಗಿನ ಗಂಟು ಕರಗಿಸುವ ಯಂತ್ರವೊಂದನ್ನು ಚಕ್ರಪಾಣಿಯವರು ಕಟ್ಟಿದ್ದರು. ನಾನು ಅವರ ಸಹಾಯಕ. ಮಾರೇನಹಳ್ಳಿಯ ಹನುಮಕ್ಕನ ಕುತ್ತಿಗೆಯ ಗಂಟಿಗೆ ಮರುದಿನ ಮೊದಲ ಚಿಕಿತ್ಸೆ.

ಅಂದು ಆಯುಧಪೂಜೆ. ಯಂತ್ರಕ್ಕೂ ವಿಶ್ರಾಂತಿ ಬೇಕಲ್ಲ, ಫ್ಯೂಸುಗಳನ್ನು ಕಿತ್ತು ದೇವರ ಮುಂದಿಟ್ಟು, ಯಂತ್ರಕ್ಕೆ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದೆ. ಪೂಜೆಗೆ ಬಂದ ಹನುಮಕ್ಕ ಯಂತ್ರದೆದುರಿನ ಕುರ್ಚಿಯಲ್ಲಿ ಕಣ್ಮುಚ್ಚಿ ಕೈಮುಗಿದು ಕುಳಿತರು. ಕಿರಣ ಬಿದ್ದರೆ ಗುರುತು ಮೂಡುವ ಫಿಲ್ಮೊಂದನ್ನು, ನಾಳೆಗೆಂದು, ಕಪ್ಪು ಕಾಗದ ಸುತ್ತಿ ಕುರ್ಚಿಯ ಒರಗಿಗೆ ಕಟ್ಟಿದ್ದೆ.

"ಗಂಟಲಿಗೆ ಎಳೆಬಿಸ್ಲು ಬಿದ್ದಂಗಾಯ್ತೈತೆ ಕಣಪ್ಪ," ಎಂದರು.

"ಕರೆಂಟೇ ಇಲ್ಲ ಹನುಮಕ್ಕಾ. ಮಂಗಳಾರತಿ ಕಾವು ಅದು," ಎಂದು ನಕ್ಕೆ.

ಆರತಿ ಆರಿ ಬಹಳ ಹೊತ್ತಾಗಿತ್ತು. ಮುಡಿಸಿದ್ದ ಹೂವು ಆಕೆಯ ಕಡೆಯ ಮಗ್ಗುಲಲ್ಲಷ್ಟೇ ಬಾಡಿತ್ತು.

ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ ಫಿಲ್ಮು ತೊಳೆದೆ. ಕುತ್ತಿಗೆಯ ಮೂಳೆ, ತಾಳಿಯ ಗುಂಡು ಎರಡೂ ಸ್ಪಷ್ಟವಾಗಿ ಮೂಡಿದ್ದವು.

"ಎಷ್ಟು ಬಿದ್ದಿದೆ ಅಂತ ಗೊತ್ತಿಲ್ದೆ ಇನ್ನಷ್ಟು ಕೊಟ್ರೆ ಗಂಟಲೇ ಸುಟ್ಟುಹೋಗತ್ತೆ ಕಣೋ. ಕೊಡದಿದ್ರೆ ಗಂಟು ಬೆಳೆಯತ್ತೆ," ಎಂದು ಚಕ್ರಪಾಣಿಯವರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ, "ದೀಪಾವಳಿ ಕಳೀಲಿ, ಕಾಯೋಣ," ಎಂದರು.

ದೀಪಾವಳಿಯ ಹೊತ್ತಿಗೆ ಗಂಟು ಕರಗಿ ಅಡಿಕೆಯಷ್ಟಾಗಿತ್ತು. ಸಂಕ್ರಾಂತಿಗೆ ಕೈಗೇ ಸಿಗಲಿಲ್ಲ.

"ಎಷ್ಟು ಕಿರಣ ಕೊಟ್ರಿ ಸಾರ್?" ಎಂದು ಆಕೆಯನ್ನು ನೋಡಿದ ಡಾಕ್ಟರು ಕೇಳಿದರು.

"ನಾವಿನ್ನೂ ಕೊಟ್ಟಿಲ್ಲ," ಎಂದರು ಚಕ್ರಪಾಣಿಯವರು.