ಮೂರರಿಂದ ನಾಲ್ಕರ ನಡುವೆ ಮಾತ್ರ

2025ರ ಜೂನ್ 16, ಸೋಮವಾರ. ಬೆಳಗಿನ ಹನ್ನೊಂದೂ ಇಪ್ಪತ್ತಕ್ಕೆ ಸಾನಪಾಡಾ ಪೊಲೀಸ್ ಠಾಣೆಗೆ ಒಬ್ಬ ಹೆಂಗಸು ಬಂದರು. ಕೈಯಲ್ಲಿ ದೊಡ್ಡದೊಂದು ಚೀಲ, ಚೀಲದಲ್ಲಿ ಮೂರು ಶಾಲು, ಮೂರು ಸ್ಮರಣಿಕೆ. ದೂರು ಕೊಡುವವರು ಸಾಮಾನ್ಯವಾಗಿ ಕಳೆದುಕೊಂಡ ವಸ್ತುವಿನ ಹೆಸರು ಹೇಳುತ್ತ ಬರುತ್ತಾರೆ. ಇವರು ಯಾರೂ ತೆಗೆದುಕೊಳ್ಳದ ವಸ್ತುಗಳನ್ನು ಹೊತ್ತು ತಂದಿದ್ದರು.

ಆಕೆ ಬಾಗಿಲಲ್ಲೇ ನಿಂತು ಫೋನಿನಲ್ಲಿ ಯಾರನ್ನೋ ಕನ್ನಡದಲ್ಲಿ ಗದರಿಸುವುದನ್ನು ಕೇಳಿ, ಅಕ್ಕಲಕೋಟೆಯ ಕಡೆಯವರಾದ ಇನ್ಸ್‌ಪೆಕ್ಟರ್ ಪ್ರಭುದೇವ ಹತ್ತೂರೆ ಮರಾಠಿ ಬಿಟ್ಟು ಕನ್ನಡಕ್ಕಿಳಿದರು.

“ಕೂಡ್ರಿ ಮೇಡಂ. ಏನ್ ಕಳಕೊಂಡೀರಿ?”

“ವಸ್ತು ಏನೂ ಕಳೆದಿಲ್ಲ ಸರ್. ಮೂರು ಜನ ಕಳೆದುಹೋಗಿದ್ದಾರೆ.”

“ಮಿಸ್ಸಿಂಗ್ ಕೇಸ್ ಏನ್ರಿ?”

“ಕಾಣೆಯಾಗಲಿಕ್ಕೆ ಮೊದಲು ಅವರು ಇರಬೇಕಲ್ವಾ!”

ಹೆಸರು ಜಯಲತಾ ಸಾಲಿಯಾನ್. ಮನೆ ಮಾಜಿವಾಡಾ, ಮೂಲ ಮಂಗಳೂರು ಕಡೆ. ಇಲ್ಲೇ ಸಾನಪಾಡಾದಲ್ಲಿ ಆಸ್ಪತ್ರೆ ಆಡಳಿತ ಕಲಿಸುವ ‘ಸಹ್ಯಸಾಗರ’ ಸಂಸ್ಥೆಯಲ್ಲಿ ಪ್ರವೇಶ ವಿಭಾಗದ ಮುಖ್ಯಸ್ಥೆ. ಅಲ್ಲಿಗೆ ಅರ್ಜಿ ಹಾಕುವ ಪ್ರತಿಯೊಬ್ಬರೂ ತಮ್ಮನ್ನು ಬಲ್ಲ ಒಬ್ಬ ಹಿರಿಯರ ಹೆಸರು, ಹುದ್ದೆ, ಫೋನ್ ನಂಬರು ಕೊಡಬೇಕು. ಜಯಲತಾ ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ. ಈ ಸಲ ಮೂರು ಅರ್ಜಿಗಳ ಹಿಂದೆ ಮೂವರು ಘನವ್ಯಕ್ತಿಗಳಿದ್ದರು: ಒಬ್ಬರು ಡಾಕ್ಟರು, ಒಬ್ಬರು ನಿವೃತ್ತ ಕರ್ನಲ್, ಇನ್ನೊಬ್ಬರು ನಿವೃತ್ತ ಪ್ರಿನ್ಸಿಪಾಲ್.

“ಎಂಥ ಮಾತು ಸರ್! ಇಪ್ಪತ್ತು ವರ್ಷದಿಂದ ‘ಹುಡುಗ ಒಳ್ಳೆಯವ, ಶಿಸ್ತಿನವ’ ಅಂತ ಕೇಳಿ ಕೇಳಿ ಕಿವಿ ತೂತಾಗಿತ್ತು. ಇವರು ಮಾತಾಡಿದ ಮೇಲೆ ನಾನು ಅತ್ತಿದ್ದೇನೆ. ಹಾಗಾಗಿ ಮೊನ್ನೆ ಶನಿವಾರದ ಸ್ವಾಗತ ಸಮಾರಂಭಕ್ಕೆ ಮೂವರನ್ನೂ ಅತಿಥಿಗಳಾಗಿ ಕರೆದೆ. ಒಪ್ಪಿದರು. ಶುಕ್ರವಾರ ಮಧ್ಯಾಹ್ನ ಒಬ್ಬರಾದ ಮೇಲೊಬ್ಬರ ಫೋನು. ಡಾಕ್ಟರಿಗೆ ತುರ್ತು ಆಪರೇಷನ್, ಕರ್ನಲಿಗೆ ಮೊಣಕಾಲು, ಪ್ರಿನ್ಸಿಪಾಲರ ಭಾವ ತೀರಿಹೋದರಂತೆ. ಎಷ್ಟು ಚಂದ ಕ್ಷಮೆ ಕೇಳಿದರು ಅಂದ್ರೆ, ನಾನೇ ಸಮಾಧಾನ ಹೇಳಿದೆ.”

“ಆಮ್ಯಾಲ?”

“ಕೊನೆಗೆ ಶಾಲನ್ನಾದರೂ ಹೊದೆಸಿ ಬರುವ ಅಂತ ಡಾಕ್ಟರ ಕಲ್ಯಾಣದ ಆಸ್ಪತ್ರೆಗೆ ಹೋದೆ. ಆ ಹೆಸರಿನ ಡಾಕ್ಟರೇ ಅಲ್ಲಿಲ್ಲ! ಉಳಿದ ಇಬ್ಬರೂ ಎಲ್ಲೂ ಇಲ್ಲ.”

ಮೂರು ಅರ್ಜಿದಾರರಲ್ಲಿ ಇಬ್ಬರಿಗೆ ಬೇರೆ ಕಡೆ ಸೀಟು ಸಿಕ್ಕಿ ಹೋಗಿಯಾಗಿತ್ತು. ಉಳಿದವಳು ಅನುಷ್ಕಾ, ಡೊಂಬಿವಲಿಯ ಹುಡುಗಿ. ಡಾಕ್ಟರು ಹೊಗಳಿದ್ದು ಅವಳನ್ನು.

“ಶುಕ್ರವಾರ ಕಮಿಟಿ ಕೂರ್ತದೆ. ಅವಳೂ ಮೋಸದಲ್ಲಿ ಸೇರಿದ್ದರೆ ಸೀಟು ಹೋಯ್ತು,” ಎಂದರು ಜಯಲತಾ.

“ಸೇರಿರದಿದ್ದರ?”

“ಸೇರಿಲ್ಲ ಅಂತ ನೀವು ಹೇಳಬೇಕು.”

ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಡಿ, ಬೇರೊಬ್ಬರಂತೆ ನಟಿಸಿ ವಂಚಿಸಿದ ಬಗ್ಗೆ ಎಫ್‌ಐಆರ್ ದಾಖಲಾಯಿತು. ಶಾಲುಗಳನ್ನು ಸಾಕ್ಷ್ಯದ ಮುದ್ದೆಮಾಲಿಗೆ ಸೇರಿಸಬೇಕೇ ಎಂದು ಹವಾಲ್ದಾರ ಜಟ್ಟೆಪ್ಪ ಕೇಳಿದ. ಬೇಡವೆಂದು ತೀರ್ಮಾನವಾಯಿತು.

ಸಂಸ್ಥೆಯವರು ಕರೆಗಳನ್ನು ರೆಕಾರ್ಡ್ ಮಾಡಿಟ್ಟಿದ್ದರು. ಹತ್ತೂರೆ, ಜಟ್ಟೆಪ್ಪ, ಮಹಿಳಾ ಕಾನ್‌ಸ್ಟೆಬಲ್ ಪೂನಂ ಮೂವರೂ ಕುಳಿತು ಕೇಳಿದರು. ಕರ್ನಲರದು ಗುಡುಗು. ಪ್ರಿನ್ಸಿಪಾಲರದು ಮೂಗಿನಿಂದ ಬರುವ ನಿಧಾನದ ಸ್ವರ. ಡಾಕ್ಟರದು ಮೆತ್ತನೆಯ ದನಿ, ನಡುನಡುವೆ ಸಣ್ಣ ಕೆಮ್ಮು.

“ಹುಡುಗಿ ಒತ್ತಡ ತಡೆದುಕೊಳ್ಳಬಲ್ಲಳೇ?” ಎಂದು ರೆಕಾರ್ಡಿನಲ್ಲಿ ಜಯಲತಾ ಕೇಳಿದ್ದರು.

“ಒತ್ತಡ ಎಂದಿರಿ,” ಎಂದಿತ್ತು ಡಾಕ್ಟರ ದನಿ. “ಒತ್ತಡವೆಂದರೆ ಕೆಲಸ ಹೆಚ್ಚಾಗಿರುವುದೋ, ಮಾಡಿದ ಕೆಲಸವನ್ನು ಯಾರೂ ಕಾಣದಿರುವುದೋ? ಎರಡನೆಯದೇ ದೊಡ್ಡದು, ಒಪ್ಪುತ್ತೀರಾ? ಒಪ್ಪಿದಿರಿ. ಹಾಗಾದರೆ ಕೇಳಿ. ಸಂಬಂಧವೇ ಇಲ್ಲದ ಒಬ್ಬ ಹೆಂಗಸನ್ನು ಈ ಹುಡುಗಿ ವಾರಕ್ಕೆರಡು ಸಲ ಕಲ್ಯಾಣಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಾಳೆ. ಅಲ್ಲಿ ಸರದಿಗಾಗಿ ರೋಗಿಗಳು ದಿನವೂ ಕಚ್ಚಾಡುತ್ತಿದ್ದರು. ಇವಳು ಬಣ್ಣಬಣ್ಣದ ಚೀಟಿ ಮಾಡಿಕೊಟ್ಟಳು. ಜಗಳ ನಿಂತಿತು. ಅವಳ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ಇದು ಒತ್ತಡವೋ ಅಲ್ಲವೋ, ನೀವೇ ಹೇಳಿ!”

ಪೂನಂ ಕರ್ಚೀಫು ತೆಗೆದಳು. “ಸರ್, ಅಸ್ಸಲ್ ಡಾಕ್ಟರ್ ಭೀ ಐಸಾ ನಹೀ ಬೋಲ್ತಾ.”

“ದನಿ ಮೂರು, ಪಟ್ಟು ಒಂದ,” ಎಂದರು ಹತ್ತೂರೆ. “ಮೂವರೂ ಮೊದಲ ಎದುರಿನವರ ಮಾತು ಎತ್ತಿಕೊಳ್ತಾರ. ಒಪ್ಪಸ್ತಾರ. ಆಮ್ಯಾಲ ಕೆಡವತಾರ. ನಮ್ಮ ಕಡೆ ಹರದೇಶಿ-ನಾಗೇಶಿ ಹಾಡಕಿಯೊಳಗ ಸವಾಲ್-ಜವಾಬ್ ನಡೀತದಲ್ಲ, ಹಂಗ. ಮಂದಿ ಮುಂದ ಕೂತು ವಾದಾ ಮಾಡಿದ ಮನುಷ್ಯಾ ಇವ.”

ಇನ್ನೊಂದು ಸಂಗತಿ ಜಟ್ಟೆಪ್ಪನ ಕಣ್ಣಿಗೆ ಬಿತ್ತು. ಮೂರೂ ಅರ್ಜಿಗಳಲ್ಲಿ ಫೋನ್ ನಂಬರಿನ ಪಕ್ಕ ಒಂದೇ ಸೂಚನೆ: ‘ಮೂರರಿಂದ ನಾಲ್ಕರ ನಡುವೆ ಮಾತ್ರ.’

“ಡಾಕ್ಟರು, ಕರ್ನಲು, ಪ್ರಿನ್ಸಿಪಾಲು, ಮೂವರೂ ಅದ ಹೊತ್ತಿಗೆ ಖಾಲಿ ಇರ್ತಾರಂದ್ರ ಸಂಶಯದ ಮಾತ ಅಲ್ರಿ ಸಾಹೇಬ್ರ?”

ಗಡಿಯಾರದಲ್ಲಿ ಒಂದು ಗಂಟೆ. ಹತ್ತೂರೆ ಕರ್ನಲರ ನಂಬರು ಒತ್ತಿ, ಸ್ಪೀಕರಿಗೆ ಹಾಕಿದರು.

“ಹಲೋ, ಪಾರ್ಸೆಲಾ? ಬೋಲೋ ಬೋಲೋ, ಜಲ್ದಿ!” ಹಿಂದೆ ಪಾತ್ರೆಗಳ ಸದ್ದು. “ಮಸಾಲಾ ದೋಸಾ ಕಿತ್ನಾ?”

ಹತ್ತೂರೆ ಫೋನಿಟ್ಟರು. ಡಾಕ್ಟರ ನಂಬರಿನಲ್ಲಿ ಇಡ್ಲಿ ಖಾಲಿಯಾಗಿತ್ತು. ಪ್ರಿನ್ಸಿಪಾಲರ ನಂಬರಿನಲ್ಲಿ ಥಾಲಿ ಇನ್ನೂ ಇತ್ತು.

ಮಂಗಳವಾರ ಸಂಜೆ ಮೊಬೈಲ್ ಕಂಪನಿಯಿಂದ ವಿವರ ಬಂತು. ಮೂರೂ ಸಿಮ್ ಡೊಂಬಿವಲಿ ಪೂರ್ವದ ಒಂದು ಉಡುಪಿ ಹೋಟೆಲಿನ ಮಾಲಕ ದೇವದಾಸ್ ಶೆಟ್ಟಿ ಎಂಬವರ ಹೆಸರಿನಲ್ಲಿದ್ದವು. ಮಧ್ಯಾಹ್ನದ ಊಟ ಮುಗಿದು, ಸಂಜೆಯ ತಿಂಡಿಗೆ ಒಲೆ ಹೊತ್ತುವ ತನಕ ಹೋಟೆಲಿನ ಫೋನುಗಳಿಗೆ ಒಂದು ಗಂಟೆ ಬಿಡುವು. ಆ ಬಿಡುವಿನಲ್ಲಿ ಅವು ಡಾಕ್ಟರೂ ಕರ್ನಲರೂ ಆಗುತ್ತಿದ್ದವು.

ಜೂನ್ 18, ಬುಧವಾರ. ಡೊಂಬಿವಲಿಯ ಸ್ಥಳೀಯ ಠಾಣೆಗೆ ಮೊದಲೇ ತಿಳಿಸಿ, ಮೂವರೂ ಸಾದಾ ಉಡುಪಿನಲ್ಲಿ ಜೀಪಿನಲ್ಲಿ ಹೊರಟರು. ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಹತ್ತೂರೆ ಜಯಲತಾರಿಗೆ ಫೋನ್ ಮಾಡಿ, ಮೂರೂ ಇಪ್ಪತ್ತಕ್ಕೆ ಸರಿಯಾಗಿ ‘ಡಾಕ್ಟರ’ ನಂಬರಿಗೆ ಕರೆ ಮಾಡಬೇಕೆಂದು ಹೇಳಿದರು.

“ಏನು ಕೇಳಲಿ ಸರ್?”

“ಅನುಷ್ಕಾಳ ಸೀಟು ಅನುಮಾನದಾಗ ಅದ ಅಂತ ಹೇಳ್ರಿ. ಸುಳ್ಳಲ್ಲಲ್ಲ ಅದು.”

ಹೋಟೆಲು ಅರ್ಧ ಕತ್ತಲು, ಅರ್ಧ ಫ್ಯಾನು. ಕೆಲಸದವರು ಬೆಂಚುಗಳ ಮೇಲೆ ಮಲಗಿದ್ದರು. ಮೂಲೆಯ ಟೇಬಲಿನ ಸುತ್ತ ಮಾತ್ರ ಐದಾರು ಕಾಲೇಜು ಮಕ್ಕಳು, ಎರಡು ಲ್ಯಾಪ್‌ಟಾಪು. ನಡುವೆ ಬಿಳಿ ಪಂಚೆ, ಬಿಳಿ ಶರ್ಟಿನ, ಎಪ್ಪತ್ತು ಸಮೀಪಿಸಿದ ಒಬ್ಬರು. ಎದುರಿನ ಹುಡುಗಿಯ ಇಂಟರ್‌ವ್ಯೂ ತಾಲೀಮು ನಡೆದಿತ್ತು.

“ಯಾಕಮ್ಮಾ ನಿನಗೆ ಬ್ಯಾಂಕ್ ಕೆಲಸ?” ಎಂದು ಅವರು ಗುಡುಗಿದರು. ಹುಡುಗಿ ಉತ್ತರಿಸುವ ಮೊದಲೇ ಮೂಗಿನಿಂದ, “ಹೆದರಿಸಬೇಡಿ ಸಾರ್, ಮಗು ಯೋಚಿಸಲಿ,” ಎಂದು ತಮಗೆ ತಾವೇ ಬುದ್ಧಿ ಹೇಳಿದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಜಟ್ಟೆಪ್ಪ ಹತ್ತೂರೆಯವರ ತೋಳು ಚಿವುಟಿದ. ಅವರು ಕಾಫಿ ಹೇಳಿ, ಗಲ್ಲೆಯಲ್ಲಿ ಹಣ ಎಣಿಸುತ್ತಿದ್ದ ದೇವದಾಸರನ್ನು ಕೇಳಿದರು: “ಅವರು ಯಾರ‍್ರಿ?”

“ಗೊತ್ತಿಲ್ವಾ? ಪುಂಡರೀಕಾಕ್ಷ ಬಲ್ಲಾಳರು ಮಾರಾಯ್ರೇ! ಇದೇ ಗಲ್ಲೆಯಲ್ಲಿ ಮೂವತ್ತು ವರ್ಷ ಕ್ಯಾಷಿಯರ್ ಆಗಿದ್ದವರು. ಈಗ ಮಕ್ಕಳಿಗೆ ಅರ್ಜಿ ಬರೆಸ್ತಾರೆ, ಮಾತು ಕಲಿಸ್ತಾರೆ. ಒಂದು ಪೈಸೆ ಮುಟ್ಟುವುದಿಲ್ಲ. ಅವರ ಮಾತು ಕೇಳಬೇಕಾದ್ರೆ ಭಾನುವಾರ ಬನ್ನಿ, ತಾಳಮದ್ದಳೆ ಉಂಟು.”

“ತಾಳಮದ್ದಳೆ ಅಂದ್ರ?”

“ಅಯ್ಯೋ, ಯಕ್ಷಗಾನದ್ದೇ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲಿಂದಲೇ ಮಾತಿನಲ್ಲಿ ಪಾತ್ರ ಕಟ್ಟುವುದು. ವಾದಕ್ಕಿಳಿದರೆ ಬಲ್ಲಾಳರನ್ನು ಎದುರಿನ ಅರ್ಥಧಾರಿ ಬಿಡಿ, ಭಾಗವತರೇ ನಿಲ್ಲಿಸಲಿಕ್ಕಾಗುವುದಿಲ್ಲ.”

ಅಷ್ಟರಲ್ಲಿ ಗಲ್ಲೆಯ ಮೇಲಿದ್ದ ಒಂದು ಫೋನು ರಿಂಗಾಯಿತು. ಬಲ್ಲಾಳರು ತಾವೇ ಎದ್ದು ಬಂದು, ನಂಬರು ನೋಡಿ, ಒಮ್ಮೆ ಕೆಮ್ಮಿ, ಮೆತ್ತಗೆ “ಯೆಸ್?” ಎಂದರು. ಹತ್ತೂರೆಯವರಿಂದ ಎರಡು ಅಡಿ ದೂರದಲ್ಲಿ.

ಜಯಲತಾ ಆ ಕಡೆಯಿಂದ ಏನೆಂದರೋ ಕೇಳಿಸಲಿಲ್ಲ. ಬಲ್ಲಾಳರ ಮುಖ ಕೆಂಪಾಯಿತು.

“ಅನುಮಾನ ಎಂದಿರಿ. ಅನುಮಾನ ಯಾರ ಮೇಲೆ? ಅನುಷ್ಕಾಳ ಮೇಲೋ, ಅವಳ ಪರ ಮಾತಾಡಿದವನ ಮೇಲೋ? ಮಾತಾಡಿದವನು ಕಳ್ಳನೇ ಇರಲಿ ಮೇಡಂ, ಅದರಿಂದ ಹುಡುಗಿಯ ಕೆಲಸ ಕಳ್ಳಕೆಲಸವಾಯಿತೇ?”

ಮೂಲೆಯ ಟೇಬಲಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದ ಹುಡುಗಿಯೊಬ್ಬಳು ತನ್ನ ಹೆಸರು ಕೇಳಿ ಎದ್ದು ನಿಂತಳು. ಮುಖ ಬಿಳಿಚಿತ್ತು.

“ಸಾಹೇಬ್ರ, ಹಿಡೀಲೇನ್ರಿ?” ಎಂದು ಜಟ್ಟೆಪ್ಪ ಪಿಸುಗುಟ್ಟಿದ.

“ತಡಿಯೋ. ಮುಗೀಲಿ.”

ಮುಗಿಯಲು ಒಂದು ಲೋಟ ಕಾಫಿಯ ಹೊತ್ತು ಬೇಕಾಯಿತು. ಫೋನು ಕೆಳಗಿಟ್ಟ ಮೇಲೆ ಹತ್ತೂರೆ ಗುರುತಿನ ಚೀಟಿ ತೋರಿಸಿದರು. ಬಲ್ಲಾಳರು ಅದನ್ನು ಓದಿದರು, ಹತ್ತೂರೆಯವರ ಮುಖ ಓದಿದರು. ವಾದ ಮಾಡಲಿಲ್ಲ.

“ಹುಡುಗಿಗೆ ಏನೂ ಗೊತ್ತಿಲ್ಲ,” ಎಂದರು ತಮ್ಮ ಸ್ವಂತ ದನಿಯಲ್ಲಿ. ಅದು ಸಣ್ಣದಾಗಿ, ಸಾಧಾರಣವಾಗಿತ್ತು.

ಅನುಷ್ಕಾ ಓಡಿ ಬಂದಳು. “ಅಂಕಲ್, ಡಾಕ್ಟರ್ ಸಾಬ್ ಆಪ್ ಥೇ? ಆಪ್ನೇ ತೋ ಬೋಲಾ ಥಾ ಆಪ್ಕೇ ದೋಸ್ತ್ ಹೈ!”

“ದೋಸ್ತ್ ಹೌದಲ್ವಾ ಮಗಾ. ನನ್ನೊಳಗೇ ಇದ್ದ.”

ಪೂನಂ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ನೀರು ಕೊಟ್ಟಳು. ಪಂಚನಾಮೆಗೆ ಇಬ್ಬರು ಪಂಚರು ಬೇಕಾಗಿದ್ದರು. ಚಹಾಕ್ಕೆ ಬಂದ ಇಬ್ಬರು ಗಿರಾಕಿಗಳು ಸಿಕ್ಕರು. ಚಹಾ ಮುಗಿಯದೆ ಸಹಿ ಹಾಕುವುದಿಲ್ಲವೆಂದರು. ಮೂರೂ ಫೋನುಗಳ ಜಪ್ತಿಯಾಯಿತು.

“ಸಾಯಂಕಾಲದ ಪಾರ್ಸೆಲ್ ಏನು ಮಾಡುವುದು ಸರ್?” ದೇವದಾಸರು ತಲೆಗೆ ಕೈ ಹೊತ್ತರು.

“ಇವತ್ತ ಮಂದಿ ಮನ್ಯಾಗ ಅಡಗಿ ಮಾಡ್ಕೊಳ್ಳಿ ಬಿಡ್ರಿ,” ಎಂದ ಜಟ್ಟೆಪ್ಪ.

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧವಾದ್ದರಿಂದ ದೇವದಾಸರೇ ಶ್ಯೂರಿಟಿ ನಿಂತರು. ಅದಕ್ಕೂ ಮುಂಚೆ ಹೇಳಿಕೆ ಪಡೆಯಬೇಕಿತ್ತು.

“ನಿಮ್ಮ ಸ್ವಂತ ಹೆಸರಿನಿಂದ ಯಾಕ ಹೇಳಲಿಲ್ಲ?”

“ಹುದ್ದೆ ಬರೆಯಬೇಕಲ್ವಾ. ನಿವೃತ್ತ ಕ್ಯಾಷಿಯರ್ ಅಂದರೆ ಯಾರು ಕೇಳ್ತಾರೆ?”

“ರೊಕ್ಕಾ?”

“ಇಲ್ಲ.”

“ಹುಡುಗಿ ಬಗ್ಗೆ ಹೇಳಿದ್ದು?”

“ಒಂದಕ್ಷರವೂ ಸುಳ್ಳಲ್ಲ. ವಿಚಾರಿಸಿ.”

ವಿಚಾರಿಸುವುದು ತನಿಖೆಯ ಭಾಗವೇ ಆಗಿತ್ತು. ಗುರುವಾರ ಜಟ್ಟೆಪ್ಪ ಕಲ್ಯಾಣದ ಡಯಾಲಿಸಿಸ್ ವಾರ್ಡಿಗೆ ಹೋದ. ಗೋಡೆಯ ಮೊಳೆಗಳಲ್ಲಿ ಹಳದಿ, ಹಸಿರು, ಕೆಂಪು ಚೀಟಿಗಳು ನೇತಾಡುತ್ತಿದ್ದವು. ಇದು ಯಾರ ಉಪಾಯ ಎಂದು ಕೇಳಿದಾಗ ಸಿಸ್ಟರ್ ನಕ್ಕಳು. “ಓ, ತೀ ಕಟಕಟ ಕರಣಾರೀ ಮುಲ್ಗೀ!” ಸದಾ ಕಿರಿಕಿರಿ ಮಾಡುವ ಆ ಹುಡುಗಿ ಒಂದು ವಾರ ಬರದಿದ್ದರೆ ವಾರ್ಡಿಗೆ ವಾರ್ಡೇ ಕೇಳುತ್ತದೆ ಎಂದೂ ಹೇಳಿದಳು. ಅನುಷ್ಕಾ ಕರೆದೊಯ್ಯುತ್ತಿದ್ದ ಹೆಂಗಸು ಚಂದ್ರಬಾಯಿ, ಅದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ವಿಜಾಪುರದ ಕಡೆಯವಳು.

ಶುಕ್ರವಾರ ಮಧ್ಯಾಹ್ನ ಹತ್ತೂರೆ ಸಹ್ಯಸಾಗರಕ್ಕೆ ಲಿಖಿತವಾಗಿ ತಿಳಿಸಿದರು: ವಂಚನೆಯಲ್ಲಿ ಅರ್ಜಿದಾರಳ ಪಾತ್ರವಿಲ್ಲ. ಕಮಿಟಿ ಒಂದು ಅವಕಾಶ ಕೊಟ್ಟಿತು. ಅವಳನ್ನು ನಿಜಕ್ಕೂ ಬಲ್ಲ ಒಬ್ಬರು ಮಾತಾಡಲಿ. ಹುದ್ದೆ ಯಾವುದಾದರೂ ಇರಲಿ.

ಮೂರೂವರೆಗೆ ದೇವದಾಸರ ಸ್ವಂತ ಮೊಬೈಲಿಗೆ ಜಯಲತಾರ ಕರೆ ಬಂತು. ಸ್ಪೀಕರ್ ಹಾಕಿ ಚಂದ್ರಬಾಯಿಯ ಮುಂದೆ ಇಟ್ಟರು. ಪಕ್ಕದಲ್ಲಿ ಅನುಷ್ಕಾ. ಎದುರು ಬೆಂಚಿನಲ್ಲಿ ಬಲ್ಲಾಳರು, ಇನ್ನೊಬ್ಬರ ಪರ ಫೋನಿನಲ್ಲಿ ಮಾತಾಡುವುದಿಲ್ಲವೆಂದು ಠಾಣೆಯಲ್ಲಿ ಬರೆದುಕೊಟ್ಟವರು. ಬಾಯಿಯ ಮೇಲೆ ತಾವೇ ಕೈ ಇಟ್ಟುಕೊಂಡು ಕುಳಿತಿದ್ದರು.

“ಅನುಷ್ಕಾ ಹೇಗೆ ಅಮ್ಮಾ?” ಎಂದು ಕೇಳಿದರು ಜಯಲತಾ.

“ಭಾಳ ಬೈತಾಳ್ರೀ.”

ಬಲ್ಲಾಳರು ಕಣ್ಣು ಮುಚ್ಚಿದರು.

“ನೀರು ಹೆಚ್ಚಿಗಿ ಕುಡದ್ರ ಬೈತಾಳ. ಔಷಧ ಮರತ್ರ ಬೈತಾಳ. ನಮ್ಮವ್ವನೂ ಇಷ್ಟ ಬೈದಿಲ್ರೀ ನನ್ನ. ಆ ಮಷೀನಿನ್ಯಾಗ ನಾ ನಾಕ್ ತಾಸು ಬಿದ್ದಿರ್ತೀನಲ್ರೀ, ಆಕಿ ಕುರ್ಚಿ ಬಿಟ್ಟ ಏಳೂದಿಲ್ಲ. ಆಕಿಗೆ ಸೀಟ್ ಕೊಡ್ರಿ. ದವಾಖಾನಿ ಸುಧಾರಸ್ತಾವ.”

ಆ ಕಡೆ ಮೂಗು ಒರೆಸುವ ಸದ್ದು. “ಸೋಮವಾರದಿಂದ ಕ್ಲಾಸು. ಒಂಬತ್ತು ಗಂಟೆಗೆ ಬರಲಿಕ್ಕೆ ಹೇಳಿ,” ಎಂದರು ಜಯಲತಾ. “ಮತ್ತೆ, ಪಾಪ, ಆ ಡಾಕ್ಟರು ಹೇಗಿದ್ದಾರೆ?”

ಅನುಷ್ಕಾ ಚಂದ್ರಬಾಯಿಯನ್ನು ಅಪ್ಪಿಕೊಂಡು ಗಿರಗಿರ ತಿರುಗಿಸಿದಳು. “ಬಿಡ ಹುಚ್ಚಿ, ಬಿದ್ದೇನು!” ಎಂದು ಈ ಸಲ ಬೈದವಳು ಚಂದ್ರಬಾಯಿ. ಬೆಂಚಿನ ಮೇಲೆ ಮಲಗಿದ್ದವರೂ ಎದ್ದು ಚಪ್ಪಾಳೆ ತಟ್ಟಿದರು. ದೇವದಾಸರು ಎಲ್ಲರಿಗೂ ಶಿರಾ ಹೇಳಿದರು.

ದೋಷಾರೋಪ ಪಟ್ಟಿಗೆ ಲಗತ್ತಾದ ಬಲ್ಲಾಳರ ಹೇಳಿಕೆಯ ಕೊನೆಯ ಭಾಗ ಹೀಗಿದೆ: ‘ನಮ್ಮವರು ಯಾರು ತೀರಿಕೊಂಡರೂ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಲು ನನ್ನನ್ನೇ ಕರೆಯುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಹೋಟೆಲಿನ ಅಡುಗೆಯವರು ಹೋದಾಗಲೂ ಮಾತಾಡಿದೆ. ಸಭೆ ಅತ್ತಿತು. ಮುಗಿದ ಮೇಲೆ ಅವರ ಹೆಂಡತಿ ಹತ್ತಿರ ಬಂದು, ಇದನ್ನೆಲ್ಲ ಅವರಿದ್ದಾಗ ಒಂದು ಸಲ ಹೇಳಿದ್ದರೆ ಎಷ್ಟು ಖುಷಿಪಡುತ್ತಿದ್ದರೋ ಅಂದರು. ಅಂದಿನಿಂದ ಇರುವವರ ಬಗ್ಗೆ ಹೇಳಬೇಕೆನಿಸಿತು. ಕೇಳುವವರಿಗೆ ಹುದ್ದೆ ಬೇಕಿತ್ತು. ಹುದ್ದೆ ಮಾತ್ರ ಸುಳ್ಳು.’

ಆ ಕಾಗದವನ್ನು ಫೈಲಿಗೆ ಸೇರಿಸಿ ಹತ್ತೂರೆ ಕರೆದರು.

“ಜಟ್ಟೆಪ್ಪಾ.”

“ಹೇಳ್ರಿ ಸಾಹೇಬ್ರ.”

“ಆ ಮೂರರಿಂದ ನಾಕರ ಮಾತು ಮೊದಲ ಕಂಡದ್ದು ನಿನಗ. ನಾ ಆವತ್ತ ಹೇಳಲಿಲ್ಲ. ನೀ ಛಲೋ ಪೊಲೀಸ ಇದ್ದೀ. ಮನುಷ್ಯಾನೂ ಛಲೋ ಇದ್ದೀ.”

ಜಟ್ಟೆಪ್ಪನ ಮುಖ ಇಳಿಯಿತು. ಅವನು ಟೋಪಿ ತೆಗೆದು, ಬಾಗಿಲಿನತ್ತ ನೋಡಿ, ಮೆಲ್ಲಗೆ ಕೇಳಿದ:

“ಯಾಕ್ರಿ ಸಾಹೇಬ್ರ, ನಂದು ಬ್ಯಾರೆ ಠಾಣೆಗೆ ಬದ್ಲಿ ಆತೇನ್ರಿ?”