ಯಾರ ಗೇಣಿನ ಹಾಸಿಗೆ?

“ತಳ್ಳೇ ಜಯಾ, ತಳ್ಳು! ಇನ್ನೊಂಚೂರು!”

ಅಪ್ಪ ಬೆವರು ಒರೆಸಿಕೊಳ್ಳಲೂ ಕೈಬಿಡದೆ ಕೂಗಿದರು. ಜಯಶೀಲಾ ಹಲ್ಲು ಕಚ್ಚಿ, ಬೆನ್ನು ಕೊಟ್ಟು ತಳ್ಳಿದಳು. ಹಾಸಿಗೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅರ್ಧ ಮನೆಯೊಳಗೆ, ಅರ್ಧ ಬೀದಿಯಲ್ಲಿ, ಬಾಗಿಲಿನ ಮಧ್ಯೆ ಸಿಕ್ಕಿಕೊಂಡು ಕೂತಿತ್ತು.

ಒಳಗಿನಿಂದ ಅಮ್ಮ ಬಸವರಾಜೇಶ್ವರಿ ಎಳೆಯುತ್ತಿದ್ದಳು. “ರೀ, ಇದು ಹಾಸಿಗೇನೋ ಆನೆಮರೀನೋ? ಇಷ್ಟು ದಪ್ಪ ಯಾಕೆ ಮಾಡಿಸಿದ್ರಿ?”

“ನೀವೆಲ್ಲಾ ತಾನೇ ಹೇಳಿದ್ದು? ಒಂದು ಗೇಣು ಅಂತ!”

ಐದು ವರ್ಷದ ತಮ್ಮ ಕೊಟ್ರ ಹಾಸಿಗೆಯ ಮೇಲೆ ಹತ್ತಿ ಕೂತು “ರೈಟ್, ರೈಟ್!” ಅನ್ನುತ್ತಿದ್ದ. ಅವನ ಪೂರ್ತಿ ಹೆಸರು ಕೊಟ್ರಬಸಪ್ಪ. ಮುತ್ತಜ್ಜನ ಹೆಸರು. ಅಷ್ಟು ದೊಡ್ಡ ಹೆಸರು ಹೊರುವಷ್ಟು ಅವನಿನ್ನೂ ಬೆಳೆದಿರಲಿಲ್ಲ, ಅದಕ್ಕೇ ಎಲ್ಲರೂ ಕೊಟ್ರ ಅನ್ನುತ್ತಿದ್ದರು. ಪಕ್ಕದ ಮನೆಯ ಪ್ರೇಮಮ್ಮನೋರು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಏಕಾಂತಪ್ಪನೋರೆ, ರಾಜರ ಮಂಚಕ್ಕೆ ರಾಜರ ಹಾಸಿಗೆ ಬಂತಾ?”

ಅವರು ಹಾಗೆ ಛೇಡಿಸುವುದಕ್ಕೆ ಕಾರಣವಿತ್ತು. ಭದ್ರಾವತಿಯ ನ್ಯೂಟೌನಿನ ಆ ಕ್ವಾರ್ಟರ್ಸಿನ ಸಾಲಿನಲ್ಲಿ ಅಂಥ ಮಂಚ ಇನ್ನೊಂದಿರಲಿಲ್ಲ. ಅಜ್ಜಿ ಕಲ್ಲಮ್ಮ ಬೇಸಗೆಯಲ್ಲಿ ಶಿವಮೊಗ್ಗದಿಂದ ಬಂದಾಗ ಡಾಕ್ಟರು, “ಇನ್ನು ತಣ್ಣಗಿರೋ ನೆಲದ ಮೇಲೆ ಮಲಗೋ ಹಾಗಿಲ್ಲ, ಮಂಡಿ ಹಿಡ್ಕೊಳ್ಳುತ್ತೆ” ಎಂದಿದ್ದರು. ಅಪ್ಪ ಒಬ್ಬರಿಗೆ ಮಂಚ ಮಾಡಿಸುವ ಬದಲು ಎಲ್ಲರಿಗೂ ಒಂದೇ ಮಂಚ ಮಾಡಿಸಿಬಿಟ್ಟರು. ಅದು ಕೋಣೆಯ ಮುಕ್ಕಾಲು ಭಾಗ ತಿಂದಿತು. ರಾತ್ರಿ ಅಜ್ಜಿ, ಅಮ್ಮ, ಜಯಶೀಲಾ, ಕೊಟ್ರ ಅದರ ಮೇಲೆ ಮಲಗುತ್ತಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಇದ್ದಾಗ ಅಪ್ಪ ಬೆಳಿಗ್ಗೆ ಬಂದು ಮಲಗುತ್ತಿದ್ದರು. ಕಾರ್ಖಾನೆಯ ಹಾಗೆ ಮಂಚಕ್ಕೂ ಶಿಫ್ಟು!

ಮಂಚವೇನೋ ಬಂತು. ಹಾಸಿಗೆ ಹೇಗಿರಬೇಕು ಅನ್ನುವುದಕ್ಕೆ ಮನೆಯಲ್ಲಿ ಮಹಾಯುದ್ಧವೇ ನಡೆದಿತ್ತು. ಅಪ್ಪನಿಗೆ ಮೆತ್ತಗಿರಬೇಕು. ಅಮ್ಮನಿಗೆ ಬಿಸಿಲಿಗೆ ಎತ್ತಿ ಹಾಕಲು ಹಗುರವಾಗಿರಬೇಕು. ಕೊಟ್ರನಿಗೆ ಕುಣಿಯಲು ಎತ್ತರವಾಗಿರಬೇಕು. ಅಜ್ಜಿಗೆ ಯಾವುದೂ ಬೇಡ, ಚಾಪೆ ಕೊಟ್ಟರೆ ಸಾಕು. ಕೊನೆಗೆ ಅಜ್ಜಿಯೇ ಬಲಗೈ ಚಾಚಿ, “ಆಯ್ತಪ್ಪಾ, ಒಂದು ಗೇಣು ದಪ್ಪ ಇರಲಿ. ಅದಕ್ಕಿಂತ ಜಾಸ್ತಿ ಬೇಡ” ಎಂದಿದ್ದಳು. ಎಲ್ಲರೂ ಒಪ್ಪಿದ್ದರು.

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಹತ್ತಿ ಹಿಂಜುವ ಇಮಾಮ್‌ಸಾಬರಿಗೆ ಅಪ್ಪ ಅದನ್ನೇ ಹೇಳಿ ಬಂದರು. “ಒಂದು ಗೇಣು ಸಾಬ್ರೆ.” ಇಮಾಮ್‌ಸಾಬರು ತಲೆಯಾಡಿಸಿ, ತಮ್ಮ ಕೈ ಅಗಲಿಸಿ ಅಳೆದರು. ಹಗಲೆಲ್ಲ ಹಿಂಜುವ ಬಿಲ್ಲು ಹಿಡಿದು ಬೆಳೆದ ಕೈ ಅದು. ಅವರ ಒಂದು ಗೇಣಿನಲ್ಲಿ ಅಜ್ಜಿಯ ಗೇಣು ಒಂದೂವರೆ ಹಿಡಿಯುತ್ತಿತ್ತು. ಮೇಲಾಗಿ ಹೊಸದಾಗಿ ಹಿಂಜಿದ ಹತ್ತಿ ಉಬ್ಬಿ ಕೂತಿತ್ತು. ಗೇಣು ಗೇಣೇ, ಆದರೆ ಯಾರ ಗೇಣು ಅಂತ ಯಾರೂ ಕೇಳಲಿಲ್ಲ ನೋಡಿ!

ಅಂತೂ ಇಂತೂ ಹಾಸಿಗೆ ಒಳಗೆ ಬಂತು. ಕೊಟ್ರ ಅದರ ಮೇಲೆ ಮೂರು ಲಾಗ ಹಾಕಿದ. ಅಪ್ಪ ಒಮ್ಮೆ ಉರುಳಿ, “ಆಹಾ!” ಎಂದು ಕಣ್ಣು ಮುಚ್ಚಿದರು. ಆಮೇಲೆ ಎಲ್ಲರೂ ಸೇರಿ ಅಜ್ಜಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಹತ್ತಿಸಿದರು. ಅಜ್ಜಿ ಅಂಚಿನಲ್ಲಿ ಕೂತಳು. ಅವಳ ಕಾಲು ಗಾಳಿಯಲ್ಲಿ ತೂಗಾಡಿತು.

“ಏಕಾಂತಾ, ಹಾಸಿಗೆ ಮಾಡಿಸು ಅಂದ್ರೆ ಅಟ್ಟ ಕಟ್ಟಿಸಿದ್ದೀಯಲ್ಲೋ! ಇಳಿಸ್ರೋ ನನ್ನ!”

“ಎರಡು ದಿನ ಮಲಗು ಅವ್ವಾ, ರೂಢಿ ಆಗುತ್ತೆ.”

“ಏನು ರೂಢಿನೋ, ನಿನ್ನ ತಲೆ! ಮುಂದಿನ ಸೋಮವಾರ ಷಡಕ್ಷರಿಗೆ ಬರೋಕೆ ಹೇಳ್ತೀನಿ. ನಾನು ಆಲ್ಕೊಳಕ್ಕೆ ಹೋಗ್ತೀನಿ. ಅಲ್ಲಿ ನನಗೆ ನೆಲ ಇದೆ.”

ಷಡಕ್ಷರಿ ಅಂದರೆ ಶಿವಮೊಗ್ಗದ ಆಲ್ಕೊಳದಲ್ಲಿದ್ದ ದೊಡ್ಡಪ್ಪ ಷಡಕ್ಷರಪ್ಪ. ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಎಲ್ಲರೂ ನಕ್ಕರು. ಜಯಶೀಲಾ ನಗಲಿಲ್ಲ. ಅಜ್ಜಿ ತನ್ನ ಸೀರೆಗಳನ್ನು ಒಂದೊಂದಾಗಿ ಮಡಿಸಿ ಟ್ರಂಕಿಗೆ ಹಾಕುವುದನ್ನು ಅವಳು ಸಂಜೆ ಕಣ್ಣಾರೆ ಕಂಡಳು. ಅಜ್ಜಿ ಹೋದರೆ ಇಬ್ಬರೂ ಒಂದೇ ಕಂಬಳಿ ಹೊದ್ದು ಗುಸುಗುಸು ಮಾತಾಡುವುದು ಯಾರ ಜೊತೆ? ಕ್ಲಾಸಿನಲ್ಲಿ ಯಾರು ಯಾರಿಗೆ ಟೂ ಬಿಟ್ಟರು ಅನ್ನುವುದನ್ನು ಪೂರ್ತಿ ಕೇಳಿಸಿಕೊಂಡು, “ಆಮೇಲೆ?” ಅನ್ನುವವರು ಆ ಮನೆಯಲ್ಲಿ ಅಜ್ಜಿ ಒಬ್ಬಳೇ.

“ಅಜ್ಜಿ, ಮೆತ್ತಗಿದೆ ಅಂತ ಬೇಜಾರಾ? ಸಾಬ್ರಿಗೆ ಹೇಳಿ ಗಟ್ಟಿ ಮಾಡಿಸೋಣ” ಎಂದಳು.

“ಮೆತ್ತಗಿದ್ರೆ ನಂಗೇನಾಗ್ಬೇಕು ಮಗಾ” ಎಂದಳು ಅಜ್ಜಿ. ಇನ್ನೊಂದು ಸೀರೆ ಮಡಿಸತೊಡಗಿದಳು.

ಅಮ್ಮ, “ಮಂಚದ ಕಾಲೇ ಕತ್ತರಿಸಿದ್ರೆ?” ಎಂದಳು. “ಒಳ್ಳೇ ಸಾಗುವಾನಿ ಮಾರಾಯ್ತಿ!” ಎಂದು ಅಪ್ಪ ಎದೆ ಹಿಡಿದುಕೊಂಡರು. ಕೊಟ್ರ ಬಹಳ ಯೋಚನೆ ಮಾಡಿ, “ಅಜ್ಜಿ ಕಾಲು ಉದ್ದ ಮಾಡ್ಸೋಣ” ಎಂದ. ಕೊನೆಗೆ ಸ್ಟೂಲನ್ನು ಮಂಚದ ಪಕ್ಕ ಇಟ್ಟರು. ಅದೋ, ಒಂದು ಕಾಲು ಗಿಡ್ಡವಾಗಿದ್ದ ಕುಂಟ ಸ್ಟೂಲು.

ಎರಡು ದಿನ ಕಳೆದಿರಬೇಕು. ಕಾರ್ಖಾನೆಯ ಸೈರನ್ ಕೂಗಿದ್ದಕ್ಕೆ ಜಯಶೀಲಾಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬೆಳಕು ಮೂಡಿತ್ತು. ಅಜ್ಜಿ ಆಗಲೇ ಎದ್ದು ಹಾಸಿಗೆಯ ಅಂಚಿನಲ್ಲಿ, ಆ ಕಡೆಗೆ ಮುಖ ಮಾಡಿ ಕೂತಿದ್ದಳು. ಎರಡೂ ಕೈಯಲ್ಲಿ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಕೊಟ್ರ ಮಲಗುವ ಮುಂಚೆ ಆಡಿ ಒದ್ದ ಸ್ಟೂಲು ಗೋಡೆಯ ಹತ್ತಿರ ಬಿದ್ದಿತ್ತು. ಅಜ್ಜಿಯ ಕಾಲು ನೆಲ ಹುಡುಕುವ ಹಾಗೆ ಒಂದು ಸಲ ಕೆಳಗೆ ಚಾಚಿಕೊಂಡಿತು, ಮತ್ತೆ ಮೇಲೆ ಬಂತು. ಅವಳು ಹಿಂದೆ ತಿರುಗಿ ಅಮ್ಮನನ್ನು ನೋಡಿದಳು. ಕರೆಯಲಿಲ್ಲ.

ಜಯಶೀಲಾ ದಡಕ್ಕನೆ ಎದ್ದು ಹೋಗಿ ಸ್ಟೂಲು ಇಟ್ಟು ಕೈಕೊಟ್ಟಳು. ಅಜ್ಜಿಯ ಅಂಗೈ ತಣ್ಣಗಾಗಿತ್ತು.

“ಎಷ್ಟೊತ್ತಿಂದ ಕೂತಿದ್ದೀಯ ಅಜ್ಜಿ?”

“ಈಗ ತಾನೇ.”

“ಸುಳ್ಳು! ಅಮ್ಮನ್ನ ಎಬ್ಬಿಸಬಾರದಿತ್ತಾ? ನನ್ನ ಎಬ್ಬಿಸಬಾರದಿತ್ತಾ?”

ಅಜ್ಜಿ ಸೆರಗು ಸರಿಮಾಡಿಕೊಂಡಳು. “ಒಂದಿನ ಎಬ್ಬಿಸಬಹುದು ಮಗಾ. ದಿನಾ ಎಬ್ಬಿಸಿದ್ರೆ ನಾನು ಅಜ್ಜಿ ಆಗಲ್ಲ, ಅಲಾರಂ ಆಗ್ತೀನಿ. ಹೋಗ್ಲಿ ಬಿಡು, ಯಾರಿಗೂ ಹೇಳ್ಬೇಡ.”

ಜಯಶೀಲಾ ಹೇಳಲಿಲ್ಲ. ಆದರೆ ಅವತ್ತು ಅಪ್ಪ ಶಿಫ್ಟು ಮುಗಿಸಿ ಬಂದ ಕೂಡಲೇ ಹಿಂದೆ ಬಿದ್ದಳು. “ಅಪ್ಪಾ, ಹಾಸಿಗೆ ವಾಪಸ್ ತಗೊಂಡು ಹೋಗಿ ಸಣ್ಣ ಮಾಡ್ಸೋಣ. ಅಪ್ಪಾ ಪ್ಲೀಸ್. ಈ ಭಾನುವಾರನೇ.”

ಅಪ್ಪನಿಗೆ ಕಣ್ಣೆಳೆಯುತ್ತಿತ್ತು. “ಆಯ್ತು ಮಾರಾಯ್ತಿ, ಮಲಗೋಕೆ ಬಿಡು. ಆದ್ರೆ ಗೇಣುಗೀಣು ಎಲ್ಲ ಇನ್ನು ಬೇಡ. ಎಷ್ಟು ಬೇಕೋ ಅಷ್ಟು ಟೇಪಲ್ಲಿ ಅಳೆದಿಡು.” ಅಷ್ಟು ಹೇಳಿ ಗೊರಕೆ ಶುರು ಮಾಡಿಯೇಬಿಟ್ಟರು.

ಟೇಪು! ಜಯಶೀಲಾ ಎರಡು ಜಡೆ ಹಾಕಿ, ಎರಡಕ್ಕೂ ಕೆಂಪು ಟೇಪು ಕಟ್ಟಿ ಸ್ಕೂಲಿಗೆ ಹೋಗುವ ಹುಡುಗಿ. ಒಂದು ಜಡೆಯ ಟೇಪು ಬಿಚ್ಚಿದಳು. ಅಜ್ಜಿ ಮುಂಬಾಗಿಲ ಕಟ್ಟೆಯ ಮೇಲೆ ನೆಲಕ್ಕೆ ಕಾಲೂರಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವಳ ಪಾದದ ಪಕ್ಕದಲ್ಲಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು, ಮಂಡಿಯ ಹಿಂಬದಿಯವರೆಗೆ ಎಳೆದು ಒಂದು ಗಂಟು ಹಾಕಿದಳು.

“ಏನೇ ಇದು, ನನ್ನ ಕಾಲಿಗೂ ಜಡೆ ಹಾಕ್ತೀಯಾ?”

“ಸುಮ್ನಿರು ಅಜ್ಜಿ, ಅಲ್ಲಾಡ್ಬೇಡ!”

ಆಮೇಲೆ ಒಳಗೆ ಓಡಿ, ಅದೇ ತುದಿಯನ್ನು ಕೋಣೆಯ ನೆಲಕ್ಕೆ ಒತ್ತಿ, ಮಂಚದ ಹಲಗೆಯವರೆಗೆ ಅಳೆದು ಇನ್ನೊಂದು ಗಂಟು ಹಾಕಿದಳು. ಎರಡು ಗಂಟುಗಳ ನಡುವೆ ಉಳಿದದ್ದು ನಾಲ್ಕು ಬೆರಳಿನಷ್ಟು ಟೇಪು. ಅಷ್ಟೇ ಇರಬೇಕು ಹಾಸಿಗೆ. ಅದಕ್ಕಿಂತ ಒಂದು ಕೂದಲೆಳೆ ಹೆಚ್ಚಾದರೂ ಅಜ್ಜಿಯ ಕಾಲು ಮತ್ತೆ ಗಾಳಿಯಲ್ಲಿ.

ಭಾನುವಾರ ಹಾಸಿಗೆಯನ್ನು ಸುತ್ತಿ ಬಿಗಿದು, ಬಸ್ಸಿನ ಟಾಪಿಗೆ ಏರಿಸಿದರು. “ಇದಕ್ಕೂ ಫುಲ್ ಟಿಕೆಟ್ಟೇ ಸ್ವಾಮಿ” ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ಶಿವಮೊಗ್ಗ ಬರುವ ತನಕ ಜಯಶೀಲಾ ತನ್ನ ಮುಷ್ಟಿ ಬಿಚ್ಚಲಿಲ್ಲ.

ಇಮಾಮ್‌ಸಾಬರ ಅಂಗಡಿಯಲ್ಲಿ ಗಡ್ಡ, ಮೀಸೆ, ಜೇಡರ ಬಲೆ ಎಲ್ಲದರ ಮೇಲೂ ಹತ್ತಿ. ಅಪ್ಪ ಕೈ ಚಾಚಿದರು. “ಎಲ್ಲಿ ಜಯಾ, ಅಳೆದಿದ್ದು?”

ಜಯಶೀಲಾ ಮುಷ್ಟಿ ಬಿಚ್ಚಿದಳು.

“ಅಯ್ಯೋ ಮಂಕೇ! ಇದಲ್ವೇ! ಪ್ರೇಮಮ್ಮನೋರ ಹೊಲಿಗೆ ಮಿಶನ್ ಹತ್ರ ಇರುತ್ತಲ್ಲ, ನಂಬರ್ ಇರೋದು, ಆ ಟೇಪು!”

“ನೀವು ಟೇಪು ಅಂದ್ರಿ. ನಮ್ಮನೇಲಿರೋ ಟೇಪು ಇದೇ.”

ಇಮಾಮ್‌ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಗಡ್ಡದಿಂದ ಹತ್ತಿ ಉದುರಿತು. “ಒಬ್ರು ಗೇಣು ತರ್ತಾರೆ, ಇನ್ನೊಬ್ರು ಜಡೆ ತರ್ತಾರೆ! ಇದರಲ್ಲಿ ಎಷ್ಟು ಇಂಚು ಬೇಟಿ?”

ಜಯಶೀಲಾ ಕಿವಿಯವರೆಗೂ ಕೆಂಪಾದಳು. ಆದರೂ ಟೇಪು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ಇಂಚು ಗೊತ್ತಿಲ್ಲ. ಇಲ್ಲಿಗೆ ಮಂಚ. ಇಲ್ಲಿಗೆ ಅಜ್ಜಿ ಮಂಡಿ. ಮಧ್ಯ ಇರೋದು ಹಾಸಿಗೆ.”

ನಗು ನಿಂತಿತು. ಸಾಬರು ಟೇಪನ್ನು ಬೆರಳ ಮೇಲೆ ಹಾಕಿ ನೋಡಿದರು. “ಸರಿಯಾಗಿದೆ. ಆದ್ರೆ ಹತ್ತಿ ಮಲಗ್ತಾ ಮಲಗ್ತಾ ಕೂತ್ಕೊಳ್ಳುತ್ತೆ. ಒಂದು ಬೆರಳು ಜಾಸ್ತಿ ಹಾಕ್ತೀನಿ. ಮಳೆಗಾಲದ ಹೊತ್ತಿಗೆ ಕರೆಕ್ಟ್ ಆಗುತ್ತೆ.”

“ಬೇಡ!” ಜಯಶೀಲಾಳ ಧ್ವನಿ ಜೋರಾಯಿತು. “ಮಳೆಗಾಲಕ್ಕಲ್ಲ. ಅಜ್ಜಿಗೆ ನಾಳೆ ಬೆಳಿಗ್ಗೇನೇ ಕಾಲು ತಾಗ್ಬೇಕು. ಇಲ್ದಿದ್ರೆ ಎದ್ದು ಕೂತ್ಕೊಂಡು ಯಾರನ್ನೂ ಕರೆಯಲ್ಲ ಅವಳು...” ಬಾಯಿ ಕಚ್ಚಿಕೊಂಡಳು. ಯಾರಿಗೂ ಹೇಳಬೇಡ ಎಂದಿದ್ದಳಲ್ಲ ಅಜ್ಜಿ.

ಅಪ್ಪ ಮಗಳನ್ನೇ ನೋಡಿದರು. ಆಮೇಲೆ ಸಾಬರ ಕಡೆ ತಿರುಗಿ, “ಅವಳು ಹೇಳಿದ ಹಾಗೇ ಮಾಡಿ ಸಾಬ್ರೆ. ಬಿಗಿಯಾಗಿ ಹೊಲೀರಿ. ಮಿಕ್ಕಿದ ಹತ್ತೀಲಿ ನಂಗೊಂದು ಮೆತ್ತೆ ಮಾಡ್ಕೊಡಿ. ಹಗಲು ಹಾಸಿಗೆ ಮೇಲೆ ಹಾಸ್ಕೊಂಡು, ಸಂಜೆ ಸುತ್ತಿಡ್ತೀನಿ” ಎಂದರು.

ಸಂಜೆ ಹಾಸಿಗೆ ಬಾಗಿಲಲ್ಲಿ ಸಲೀಸಾಗಿ ಒಳಗೆ ಹೋಯಿತು. ಅಜ್ಜಿ ಒಮ್ಮೆ ಕೈಯಿಂದ ಒತ್ತಿ ನೋಡಿ, “ಒಂದು ರಾತ್ರಿಗೆ ಏನಾದ್ರೇನು” ಎಂದಳು. ಟ್ರಂಕು ಬಾಗಿಲ ಪಕ್ಕದಲ್ಲೇ ಇತ್ತು. ದೊಡ್ಡಪ್ಪ ಬೆಳಿಗ್ಗೆ ಮೊದಲ ಬಸ್ಸಿಗೆ ಬರುವವರಿದ್ದರು. ಅಪ್ಪ ತಮ್ಮ ಮೆತ್ತೆ ಹಾಸಿಕೊಂಡು ನಡುಮನೆಯಲ್ಲಿ ಮಲಗಿದರು.

ಬೆಳಕು ಹರಿಯುವಾಗ ಹಾಸಿಗೆ ಮೆಲ್ಲಗೆ ಅಲುಗಿತು. ಜಯಶೀಲಾ ಕಣ್ಣು ಬಿಟ್ಟಳು. ಅಜ್ಜಿ ಎದ್ದು ಅಂಚಿಗೆ ಸರಿಯುತ್ತಿದ್ದಳು. ಜಯಶೀಲಾಳ ಕೈ ತಾನಾಗಿಯೇ ಮುಂದೆ ಹೋಯಿತು. ಹಿಡಿದುಕೊಳ್ಳಬೇಕು, ಬಿದ್ದುಗಿದ್ದರೆ?

ಅಷ್ಟರಲ್ಲಿ ಅಜ್ಜಿಯ ಎರಡೂ ಪಾದಗಳು ನೆಲಕ್ಕೆ ತಾಗಿದವು. ಪೂರ್ತಿ ತಾಗಿದವು, ಹಿಮ್ಮಡಿ ಸಮೇತ. ಅಜ್ಜಿ ಅವನ್ನೇ ನೋಡುತ್ತ ಒಂದು ಗಳಿಗೆ ಕೂತಳು. ಆಮೇಲೆ ಮಂಚದ ಮೇಲೆ ಕೈಯೂರಿ “ಶಿವಾ” ಎಂದು ಎದ್ದು ನಿಂತಳು.

ಜಯಶೀಲಾ ಚಾಚಿದ ಕೈಯನ್ನು ಸದ್ದಿಲ್ಲದೆ ಕಂಬಳಿಯೊಳಗೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು.

ಹಿತ್ತಲ ಬಾಗಿಲು ತೆರೆದ ಸದ್ದಾಯಿತು. ಬಕೆಟ್ಟು ಗಡಗಡ ಎಂದಿತು. ಸ್ವಲ್ಪ ಹೊತ್ತಿಗೆಲ್ಲ ಮನೆ ತುಂಬ ಅಜ್ಜಿಯ ಧ್ವನಿ.

“ಏಳ್ರೋ, ಹೊತ್ತೇರಿತು! ಏಕಾಂತಾ, ಶಿಫ್ಟಿಲ್ವೇನೋ ನಿಂಗೆ? ಬಸವರಾಜೇಶ್ವರಿ, ಷಡಕ್ಷರಿಗೆ ಎರಡು ರೊಟ್ಟಿ ಜಾಸ್ತಿ ತಟ್ಟಮ್ಮ. ಪಾಪ, ತಿಂದ್ಕೊಂಡು ಒಬ್ನೇ ವಾಪಸ್ ಹೋಗ್ಲಿ!”

ಒದ್ದೆ ಕೈಯೊಂದು ಜಯಶೀಲಾಳ ಕೆನ್ನೆ ತಟ್ಟಿತು. “ಏಳೇ ಸೋಂಬೇರಿ, ಇನ್ನೂ ನಿದ್ದೇನಾ?”

ಜಯಶೀಲಾ ಮುಸುಕು ಸರಿಸಿ, ಕಣ್ಣು ಚೆನ್ನಾಗಿ ಉಜ್ಜಿಕೊಂಡು, ದೊಡ್ಡದಾಗಿ ಆಕಳಿಸಿದಳು.

“ನೀನ್ಯಾವಾಗ ಎದ್ದೆ ಅಜ್ಜಿ? ನಂಗೆ ಗೊತ್ತೇ ಆಗ್ಲಿಲ್ಲ!”